ಹೂಕುಂಡದ ಚೂರಿನ ಮೇಲೆ ತಮ್ಮನ ಹೆಸರು

ನನ್ನ ತಮ್ಮನನ್ನು ನಾವೆಲ್ಲ ಸೇರಿ ಮನೆಯಿಂದ ಹೊರಗೆ ಹಾಕಿದೆವು. ಹೀಗೆಂದರೆ ಬೀದಿಯವರು ಬಾಯಿಗೆ ಬಂದಂತೆ ಬೈಯುತ್ತಾರೆ. ಬೈಯಲಿ. ಹೆಂಡತಿ, ಮಗಳು, ಒಡಹುಟ್ಟಿದ ಅಕ್ಕನಾದ ನಾನು, ಕೊನೆಗೆ ಹೆತ್ತ ತಾಯಿ, ಒಬ್ಬರೂ ಅವನ ಪರ ನಿಲ್ಲಲಿಲ್ಲ. ಅದೂ ಅವನೇ ಮನೆಗೆ ತಂದ ಕಾನೂನಿನ ಪ್ರಕಾರ. ಅವನು ಇನ್ನೂ ವಾಪಸ್ಸು ಬಂದಿಲ್ಲ, ಆ ಭಾನುವಾರದ ಗಾಬರಿ ನನ್ನ ಎದೆಯಿಂದ ಇನ್ನೂ ಪೂರ್ತಿ ಇಳಿದೂ ಇಲ್ಲ.

ತಮ್ಮನದು ಕನ್ನಡಕದ ಅಂಗಡಿ. ಮುಂದೆ ಅವನ ಹೆಂಡತಿ ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ, ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಅವನು ಗಾಜು ಉಜ್ಜುತ್ತಾನೆ. ತಿರುಗುವ ಸಾಣೆಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ಅವನ ಬೆರಳ ತುದಿಗಳಲ್ಲಿ ಯಾವಾಗಲೂ ಹಿಟ್ಟಿನಂಥ ಬಿಳಿ ಪುಡಿ. ಹೊಟ್ಟೆ ತುಂಬಿಸುವುದು ಆ ಪುಡಿಯೇ. ಆದರೆ ಬೀದಿಯಲ್ಲಿ ಯಾರೂ ಅವನನ್ನು ಕನ್ನಡಕದವನು ಅನ್ನುವುದಿಲ್ಲ, ಗ್ರೀಕ ಅನ್ನುತ್ತಾರೆ.

ಈ ಹುಚ್ಚು ಹಿಡಿದದ್ದು ಅವನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ. ಅಂಗಡಿಗೆ ಒಂದು ಪೆಟ್ಟಿಗೆ ತುಂಬ ಹಳೆಯ ಫ್ರೇಮುಗಳು ಬಂದಿದ್ದವು, ಒಂದೊಂದಕ್ಕೂ ಹರಿದ ಪುಸ್ತಕದ ಹಾಳೆ ಸುತ್ತಿತ್ತು. ಯಜಮಾನ ಫ್ರೇಮು ಒರೆಸಿಡು ಎಂದರೆ ಇವನು ಹಾಳೆ ಒರೆಸಿ ನೇರ ಮಾಡಿ ಮನೆಗೆ ತಂದ. ಇದು ಯಾವ ಲಿಪಿ, ಇದು ಯಾವ ಲಿಪಿ ಎಂದು ಕಂಡಕಂಡವರ ಪ್ರಾಣ ತಿಂದ. ಗ್ರೀಕ್ ವ್ಯಾಕರಣ ಎಂದು ಕೊನೆಗೆ ಯಾರೋ ಹೇಳಿದ್ದೇ ತಡ, ಆ ಸುಕ್ಕು ಹಾಳೆಗಳಿಂದಲೇ ಕಲಿಯಲು ಕೂತ. ಎಷ್ಟೋ ವರ್ಷ ಅವನಿಗೆ ಆ ಭಾಷೆಯಲ್ಲಿ ಭವಿಷ್ಯತ್ಕಾಲವೇ ಬರುತ್ತಿರಲಿಲ್ಲ. ಆ ಪಾಠದ ಹಾಳೆಗಳು ಬೇರೆ ಯಾರದೋ ಫ್ರೇಮು ಸುತ್ತಿಕೊಂಡು ಬೇರೆ ಯಾವುದೋ ಅಂಗಡಿಗೆ ಹೋಗಿದ್ದವು.

"ಆಗಿಹೋದದ್ದೆಲ್ಲ ಹೇಳ್ತೀಯ, ಸಂಜೆ ಹಾಲು ತರ್ತೀಯೋ ಇಲ್ವೋ ಅನ್ನೋದು ಮಾತ್ರ ಹೇಳೋಕೆ ಬರಲ್ಲ ನಿಂಗೆ" ಎಂದು ನಾನು ರೇಗಿಸುತ್ತಿದ್ದೆ.

ಕಲಿತಮೇಲೆ ಬರೆಯತೊಡಗಿದ. ಒಂದು ವಾರಪತ್ರಿಕೆಯ ಒಳಪುಟದಲ್ಲಿ ಅವನ ಅಂಕಣ ಬರುತ್ತದೆ. ಈ ವಾರಕ್ಕೆ ಆ ಯುದ್ಧ ನಡೆದು ಇಷ್ಟು ವರ್ಷ, ಆ ಜ್ಞಾನಿ ವಿಷ ಕುಡಿದು ಇಷ್ಟು ವರ್ಷ, ಹೀಗೆ. ಸತ್ತು ಮಣ್ಣಾದವರ ತಿಥಿಮಿತಿಯೆಲ್ಲ ಅವನ ನಾಲಿಗೆಯ ತುದಿಯಲ್ಲಿರುತ್ತದೆ. ಹೆಂಡತಿಯ ಹುಟ್ಟಿದ ದಿನ ಮರೆಯುತ್ತಾನೆ ಎಂದುಕೊಳ್ಳಬೇಡಿ, ಮರೆಯುವುದಿಲ್ಲ. ಆದರೆ ಅದನ್ನೂ ಯಾವುದೋ ಯುದ್ಧದಿಂದ ಶುರುಮಾಡಿ ಎಣಿಸುತ್ತಾನೆ. "ಇವರು ಹೇಳೋದು ಕೇಳಿದ್ರೆ ನಂಗೆ ಎರಡು ಸಾವಿರ ವರ್ಷ ಆಗಿರೋ ಹಾಗನ್ಸುತ್ತೆ ಅತ್ತಿಗೆ" ಎಂದು ಅವಳು ನನ್ನ ಹತ್ತಿರ ದೂರುತ್ತಾಳೆ.

ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಅಕ್ಷರದ ಹಲಗೆ ಇರುತ್ತದಲ್ಲ, ಅದನ್ನೂ ಗ್ರೀಕಿನಲ್ಲಿ ಬರೆಸಿ ನೇತುಹಾಕಿದ. ಒಬ್ಬ ಲಾರಿ ಡ್ರೈವರು ಬಂದು ಕೂತು, ಹಲಗೆ ನೋಡಿ, ಬೆವೆತುಹೋದ. "ಅಯ್ಯೋ, ನಂಗೆ ಒಂದಕ್ಷರಾನೂ ಗೊತ್ತಾಗ್ತಿಲ್ಲ, ನನ್ನ ಕಣ್ಣು ಪೂರ್ತಿ ಹೋಯ್ತಾ?" ಎಂದು ಆ ಗಂಡಾಳು ಅಳುವುದೊಂದೇ ಬಾಕಿ. ನನ್ನ ತಮ್ಮ ಶಾಂತವಾಗಿ, "ಓದಬೇಡಿ, ಆಕಾರ ಬರೆದು ತೋರಿಸಿ. ಗೊತ್ತಿರೋ ಅಕ್ಷರ ಆದ್ರೆ ಜನ ಊಹೆ ಮಾಡಿ ಹೇಳ್ಬಿಡ್ತಾರೆ, ಗೊತ್ತಿಲ್ದೆ ಇರೋದನ್ನ ಕಣ್ಣಾರೆ ನೋಡಲೇಬೇಕು" ಅಂದ. ಕೇಳಿ ನಾನು ತಲೆ ಚಚ್ಚಿಕೊಂಡೆ. ಆದರೆ ಆ ಡ್ರೈವರಿನ ಕನ್ನಡಕ ಕೂದಲೆಳೆಯಷ್ಟೂ ತಪ್ಪದೆ ಕೂತಿತು, ಅದನ್ನೂ ಹೇಳಬೇಕು.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ಗ್ರೀಕರ ದೊಡ್ಡ ಊರೊಂದರಲ್ಲಿ ವರ್ಷಕ್ಕೊಮ್ಮೆ ಜನ ಸೇರಿ ಮಡಕೆ ಚೂರಿನ ಮೇಲೆ ಒಬ್ಬರ ಹೆಸರು ಗೀಚಿ ಹಾಕುತ್ತಿದ್ದರಂತೆ. ಸಾಕಷ್ಟು ಚೂರು ಯಾರ ಹೆಸರಿಗೆ ಬೀಳುತ್ತದೋ ಅವನು ಹತ್ತು ವರ್ಷ ಊರು ಬಿಡಬೇಕು. ತಪ್ಪು ಮಾಡಿರಬೇಕೆಂದಿಲ್ಲ. ಆಸ್ತಿ ಹಾಗೇ ಇರುತ್ತದೆ, ಅವಮಾನವೂ ಇಲ್ಲ. ಊರಿಗಿಂತ ಆಳು ದೊಡ್ಡವನಾದ ಎಂದು ಜನಕ್ಕೆ ಅನ್ನಿಸಿದರೆ ಸಾಕು. ಇದನ್ನು ಓದಿದ ನನ್ನ ತಮ್ಮ ಸುಮ್ಮನಿರುತ್ತಾನೆಯೇ? ಮಗಳು ಸಣ್ಣವಳಿದ್ದಾಗ ಒಂದು ಭಾನುವಾರ, ನಾನು ಆಸೆಪಟ್ಟು ತಂದ ಹೂಕುಂಡವನ್ನು ಅಂಗಳದಲ್ಲಿ ಒಡೆದು ಚೂರು ಮಾಡಿದ. ನನ್ನ ಕೂಗು ಬೀದಿಯ ತುದಿಗೆ ಕೇಳಿಸಿತ್ತು.

ಅಂದಿನಿಂದ ಚಳಿ ಮುಗಿಯುವ ಹೊತ್ತಿಗೆ ಪ್ರತಿವರ್ಷ ನಮ್ಮ ಮನೆಯಲ್ಲಿ ಚೂರಿನ ಭಾನುವಾರ. ನಮ್ಮಲ್ಲಿ ಗಡೀಪಾರು ಹತ್ತು ವರ್ಷವಲ್ಲ, ಹತ್ತು ದಿನ. ಐದು ಜನದಲ್ಲಿ ನಾಲ್ಕು ಚೂರು ಒಬ್ಬರಿಗೆ ಬಿದ್ದರೆ ಮಾತ್ರ ಅವರು ಹೋಗಬೇಕು. ಎಲ್ಲಿಗಾದರೂ ಹೋಗಲಿ, ಹತ್ತು ದಿನ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ, ಮನೆಕೆಲಸ ಮುಟ್ಟುವಂತಿಲ್ಲ. ಕನ್ನಡಕದ ಅಂಗಡಿಯ ಮೇಲೊಂದು ಕೋಣೆಯಿದೆ, ಮಂಚ, ಕಿಟಕಿ, ನಲ್ಲಿ ಎಲ್ಲ ಇವೆ. ಊಟ ಅಲ್ಲಿಗೇ ಬರುತ್ತದೆ. ನಾನು ಹೊಲಿಗೆಯವಳು, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ವರ್ಷವಿಡೀ ಮೆಷಿನ್ ತುಳಿಯುವ ನನ್ನ ಕಾಲಿಗೆ ಆ ಹತ್ತು ದಿನ ಸ್ವರ್ಗ. ಮೂರು ಸಲ ಗಡೀಪಾರಾಗಿದ್ದೇನೆ, ಮೂರು ಸಲವೂ ಕೆನ್ನೆ ತುಂಬಿಕೊಂಡು ಬಂದಿದ್ದೇನೆ. ತಮ್ಮ ಪ್ರತಿವರ್ಷ ನನ್ನ ಹೆಸರನ್ನೇ ಗೀಚುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಅವನಿಗೆ ಮಾತ್ರ ಒಂದೇ ಒಂದು ಚೂರೂ ಎಂದೂ ಬಿದ್ದಿರಲಿಲ್ಲ.

ಗೀಚುವ ಮೊದಲು ಅವನು ಒಂದು ಕಥೆ ಹೇಳುತ್ತಾನೆ. ಪ್ರತಿವರ್ಷ ಅದೇ ಕಥೆ, ಅದೇ ಮಾತು, ಅದೇ ಜಾಗದಲ್ಲಿ ಕೆಮ್ಮು. ಆ ಊರಲ್ಲಿ ಒಬ್ಬ ನ್ಯಾಯವಂತನಿದ್ದ. ಚೂರು ಗೀಚುವ ದಿನ ಓದುಬರಹ ಬಾರದ ಹಳ್ಳಿಯವನೊಬ್ಬ, ಎದುರಿಗಿದ್ದವನು ಯಾರೆಂದು ತಿಳಿಯದೆ, ಅವನ ಕೈಗೇ ಚೂರು ಕೊಟ್ಟು, ಇದರ ಮೇಲೆ ಆ ನ್ಯಾಯವಂತನ ಹೆಸರು ಬರೆದುಕೊಡಪ್ಪ ಅಂದ. ಅವನು ನಿನಗೇನು ಮಾಡಿದ ಎಂದು ಇವನು ಕೇಳಿದ. ಏನೂ ಮಾಡಿಲ್ಲ, ಅವನ ಪರಿಚಯವೂ ಇಲ್ಲ, ಎಲ್ಲರೂ ನ್ಯಾಯವಂತ ನ್ಯಾಯವಂತ ಅನ್ನೋದು ಕೇಳಿ ಕೇಳಿ ಸಾಕಾಗಿದೆ ಅಂದನಂತೆ. ನ್ಯಾಯವಂತ ಮರುಮಾತಾಡದೆ ತನ್ನ ಹೆಸರನ್ನೇ ಬರೆದುಕೊಟ್ಟ, ಊರು ಬಿಟ್ಟ. ಆಮೇಲೆ ಊರಿಗೆ ಕಷ್ಟ ಬಂದಾಗ ವಾಪಸ್ಸು ಕರೆಸಿಕೊಂಡರು, ಬಂದು ದೊಡ್ಡ ಸಮುದ್ರ ಯುದ್ಧದಲ್ಲಿ ಹೋರಾಡಿದ. ಇಲ್ಲಿಗೆ ಬಂದಾಗ ನನ್ನ ತಮ್ಮನ ಗಂಟಲು ಕಟ್ಟುತ್ತದೆ. ನಾವು ಆಕಳಿಸುತ್ತೇವೆ.

ಇನ್ನು ಅಮ್ಮ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ವರ್ಷವರ್ಷಕ್ಕೂ ಅಮ್ಮನ ನೋಟ ಮಂಜಾಗುತ್ತ ಬಂತು. ಈಗ ಬೆಳಕು ಎಲ್ಲಿದೆ ಅನ್ನುವುದಷ್ಟೇ ತಿಳಿಯುತ್ತದೆ. ಊರಿನ ಕಣ್ಣಿಗೆಲ್ಲ ಗಾಜು ಕೂರಿಸುವ ಮಗನಿಗೆ ತನ್ನ ತಾಯಿಗೆ ಒಂದು ಗಾಜು ಮಾಡಿಕೊಡಲಾಗಲಿಲ್ಲ. ಅದು ಅವನನ್ನು ಒಳಗೊಳಗೇ ಕೊರೆಯುತ್ತದೆ. ಉಳಿದಿರುವ ಬೆಳಕು ಉಳಿಯಲಿ ಎಂದು ಬೆಳಿಗ್ಗೆ ಸಂಜೆ ಕಣ್ಣಿಗೆ ಹನಿ ಹಾಕಬೇಕು. ಅಮ್ಮ ಬೇರೆ ಯಾರ ಕೈಯನ್ನೂ ಹತ್ತಿರ ಬಿಡುವುದಿಲ್ಲ. ನಾನು ಬಾಟಲಿ ಹಿಡಿದರೆ ರೆಪ್ಪೆಗಳನ್ನು ಬಾಗಿಲು ಜಡಿದ ಹಾಗೆ ಮುಚ್ಚಿಬಿಡುತ್ತಾಳೆ. ಸೊಸೆ, ಮೊಮ್ಮಗಳು, ಆಸ್ಪತ್ರೆಯ ನರ್ಸಮ್ಮ, ಎಲ್ಲರೂ ಸೋತರು. ಮಗ ಬಂದು "ಅಮ್ಮ, ಮೇಲೆ ನೋಡು" ಅಂದರೆ ಮಾತ್ರ ಕಣ್ಣು ತೆರೆಯುತ್ತಾಳೆ. ಅದಕ್ಕಾಗಿ ಅವನು ಒಂದು ರಾತ್ರಿಯೂ ಹೊರಗೆ ಉಳಿದವನಲ್ಲ. ಬೀದಿಯವರೆಲ್ಲ ಅಮ್ಮನ ಹತ್ತಿರ ಬಂದು, "ಪುಣ್ಯ ಮಾಡಿದ್ರಿ ಕಣಮ್ಮ, ಎಂಥಾ ಮಗ, ಎಂಥಾ ಮಗ" ಅನ್ನುತ್ತಾರೆ.

ಈ ವರ್ಷ ಚೂರಿನ ಭಾನುವಾರಕ್ಕೆ ಕೆಲವೇ ದಿನ ಇದ್ದಾಗ ವಾರಪತ್ರಿಕೆಯ ಸಂಪಾದಕರು ಕನ್ನಡಕದ ಗಾಜು ಬದಲಿಸಲು ಅಂಗಡಿಗೆ ಬಂದರು. ಬಂದವರೇ ತಮ್ಮನ ಹೆಂಡತಿಯನ್ನು, "ಅಲ್ಲಮ್ಮ, ಯಜಮಾನ್ರು ಯಾಕೆ ಬರಲ್ಲ ಅಂದ್ಬಿಟ್ರು?" ಎಂದು ಕೇಳಿದರು. ಎಲ್ಲಿಗೆ ಎಂದು ಇವಳಿಗೆ ತಿಳಿದರೆ ತಾನೆ! ಗ್ರೀಸಿಗೆ. ಆ ಸಮುದ್ರ ಯುದ್ಧಕ್ಕೆ ಎರಡೂವರೆ ಸಾವಿರ ವರ್ಷ ತುಂಬುತ್ತದೆಂದು ಅಲ್ಲಿನ ಬರಹಗಾರರ ಸಂಘವೊಂದು ಬೇರೆ ಬೇರೆ ದೇಶದವರನ್ನು ಹತ್ತು ದಿನಕ್ಕೆ ಕರೆದಿತ್ತು. ಸಂಪಾದಕರು ಇವನ ಬರಹ ಅನುವಾದ ಮಾಡಿಸಿ ಕಳಿಸಿದ್ದರು, ಅವರು ಮೆಚ್ಚಿ ಹೋಗಿಬರುವ ಖರ್ಚನ್ನೂ ತಾವೇ ಕೊಟ್ಟು ಕರೆದಿದ್ದರು. ಇವನು ಮನೆಯಲ್ಲಿ ತುಟಿ ಬಿಚ್ಚದೆ ಬರುವುದಿಲ್ಲ ಅಂದುಬಿಟ್ಟಿದ್ದ. "ಸೋಮವಾರದೊಳಗೆ ಹ್ಞೂಂ ಅಂದ್ರೆ ಈಗ್ಲೂ ಆಗುತ್ತೆ" ಎಂದು ಹೇಳಿ ಸಂಪಾದಕರು ಹೋದರು.

ಊಟಕ್ಕೆ ಕೂತಾಗ ಅವಳು ಇದನ್ನು ಹೇಳಿದಳು. ನನ್ನ ಕೈಯಲ್ಲಿದ್ದ ಸೌಟು ಜಾರಿ ಬಿತ್ತು. ಗಾಜಿನ ಪುಡಿ ಕೆಮ್ಮುತ್ತ, ಆ ದೇಶದ ಬೀದಿಬೀದಿಯ ಹೆಸರು ಬಾಯಿಪಾಠ ಮಾಡಿದವನು, ಕನಸಿನಲ್ಲೂ ಆ ಭಾಷೆ ಬಡಬಡಿಸುವವನು, ಕರೆದರೆ ಬೇಡ ಅಂದನೇ?

"ಅವರ ಲೆಕ್ಕ ತಪ್ಪು ಅಕ್ಕ" ಅಂದ, ತಲೆಯೆತ್ತದೆ. "ಕ್ರಿಸ್ತಪೂರ್ವ ಒಂದಾದ್ಮೇಲೆ ನೇರವಾಗಿ ಕ್ರಿಸ್ತಶಕ ಒಂದು. ಮಧ್ಯ ಸೊನ್ನೆ ಅಂತ ವರ್ಷ ಇಲ್ಲ. ಇವರು ಅದನ್ನೂ ಸೇರಿಸ್ಕೊಂಡಿದಾರೆ. ಎರಡೂವರೆ ಸಾವಿರ ತುಂಬೋದು ಮುಂದಿನ ವರ್ಷ. ತಪ್ಪು ವರ್ಷದಲ್ಲಿ ಆಚರಿಸೋ ಕಡೆ ನಾನ್ಯಾಕೆ ಹೋಗ್ಲಿ?"

"ಹಾಗಾದ್ರೆ ಮುಂದಿನ ವರ್ಷ ಮತ್ತೆ ಕರೀತಾರಾ?"

ಅವನು ಗಡಿಯಾರ ನೋಡಿದ, ಕೈ ತೊಳೆದ, ಹನಿಯ ಬಾಟಲಿ ತೆಗೆದುಕೊಂಡು ಕಿಟಕಿಯ ಪಕ್ಕ ಕೂತಿದ್ದ ಅಮ್ಮನ ಹತ್ತಿರ ಹೋದ. "ಅಮ್ಮ, ಮೇಲೆ ನೋಡು." ನನಗೆ ಮೈಯೆಲ್ಲ ಉರಿಯಿತು. ಸೊನ್ನೆ ವರ್ಷವಂತೆ, ಸೊನ್ನೆ! ಹತ್ತು ದಿನ ಅಮ್ಮನ ಕಣ್ಣಿಗೆ ಹನಿ ಹಾಕುವವರಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಎಲ್ಲಿ ಅಮ್ಮನಿಗೆ ನೋವಾಗುತ್ತದೋ ಎಂದು ಎರಡೂವರೆ ಸಾವಿರ ವರ್ಷದ ಲೆಕ್ಕವನ್ನು ಅಡ್ಡ ಹಿಡಿದಿದ್ದ. ಹೆಂಡತಿ ಗೋಗರೆದಳು. ಮಗಳು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಗ್ರೀಕ ಜಪ್ಪಯ್ಯ ಅನ್ನಲಿಲ್ಲ. ಅಮ್ಮ ಅದೆಲ್ಲವನ್ನೂ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಳು.

ಭಾನುವಾರ ಬಂತು. ಬಿರುಕು ಬಿಟ್ಟ ಹೂಕುಂಡವೊಂದನ್ನು ಮಗಳು ಅಂಗಳದಲ್ಲಿ ಒಡೆದಳು. ಬೆಳಗಿನಿಂದ ಒಬ್ಬರ ಹತ್ತಿರ ಒಬ್ಬರು ಮತದ ಮಾತೆತ್ತುವಂತಿಲ್ಲ, ಗೋಡೆಗೆ ಮುಖ ಮಾಡಿ ಮೊಳೆಯಿಂದ ಗೀಚಬೇಕು, ಅದೂ ಗ್ರೀಕ್ ಅಕ್ಷರದಲ್ಲಿ. ಹೌದು, ನಮಗೆಲ್ಲ ಹೊಡೆದು ಬಡಿದು ಆ ಅಕ್ಷರ ಕಲಿಸಿದ್ದಾನೆ, ಕಣ್ಣು ನೆಟ್ಟಗಿದ್ದಾಗ ಅಮ್ಮನೂ ಕಲಿತಿದ್ದಳು. ಅವನು ಕಥೆ ಹೇಳಿದ, ಕೆಮ್ಮಿದ, ಗಂಟಲು ಕಟ್ಟಿಸಿಕೊಂಡ. ನಾನು ಗೋಡೆಗೆ ತಿರುಗಿ, ಹಲ್ಲು ಕಚ್ಚಿ, ತಮ್ಮನ ಹೆಸರು ಗೀಚಿದೆ. ಮೇಲಿನ ಕೋಣೆಗಾದರೂ ಹೋಗಲಿ, ತಾನಿಲ್ಲದೆಯೂ ಮನೆ ನಡೆಯುತ್ತದೆಂದು ಅವನಿಗೆ ಗೊತ್ತಾಗಲಿ ಅನ್ನುವಷ್ಟು ಸಿಟ್ಟಿತ್ತು. ಚೂರನ್ನು ಬೋಗುಣಿಗೆ ಹಾಕಿದೆ. ಉಳಿದಿಬ್ಬರೂ ಹಾಕಿದರು, ತಮ್ಮನೂ ಹಾಕಿದ.

ಉಳಿದದ್ದು ಅಮ್ಮನ ಚೂರು. ಪ್ರತಿವರ್ಷ ಅಮ್ಮ ಮೊಮ್ಮಗಳನ್ನು ಕರೆದು ಕಿವಿಯಲ್ಲಿ ಹೇಳಿ ಬರೆಸುತ್ತಿದ್ದಳು. ಈ ಸಲ ಅವಳನ್ನು ಕರೆಯಲಿಲ್ಲ. ತಮ್ಮ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ. ಅಮ್ಮ ಕೈ ಚಾಚಿ ಅವನ ತೋಳು ಹಿಡಿದು ಚೂರನ್ನು ಅವನ ಅಂಗೈಯಲ್ಲಿಟ್ಟಳು.

"ಯಾರಪ್ಪ ನೀನು? ನಂಗೆ ಕಣ್ಣು ಕಾಣ್ಸಲ್ಲ. ಇದ್ರ ಮೇಲೆ ಈ ಮನೆ ಮಗನ ಹೆಸರು ಬರ್ದುಕೊಡ್ತೀಯಾ?"

ದೇವರೇ, ಕಣ್ಣಿನ ಜೊತೆ ಬುದ್ಧಿಯೂ ಹೋಯಿತೇ? ದಿನಕ್ಕೆರಡು ಹೊತ್ತು ಕಣ್ಣಿಗೆ ಹನಿ ಹಾಕುವ ಮಗನನ್ನು ಯಾರಪ್ಪ ನೀನು ಎಂದು ಕೇಳುವುದೇ? ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು "ಅಜ್ಜೀ" ಎಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಅಂಗೈಯಲ್ಲಿದ್ದ ಚೂರನ್ನು ನೋಡಿದ, ಆಮೇಲೆ ಕೇಳಿದ.

"ಅವನು ನಿಮಗೇನು ಮಾಡಿದ?"

"ಏನೂ ಮಾಡಿಲ್ಲಪ್ಪ" ಅಂದಳು ಅಮ್ಮ. "ಬೀದೀಲಿರೋರೆಲ್ಲ ಬಂದು ಎಂಥಾ ಮಗ, ಎಂಥಾ ಮಗ ಅನ್ನೋದು ಕೇಳಿ ಕೇಳಿ ನಂಗೆ ಸಾಕಾಗಿದೆ."

ತಮ್ಮ ಮಂಡಿಯೂರಿ ಕೂತ. ಮೊಳೆ ತೆಗೆದುಕೊಂಡ. ಒಂದು ಅಕ್ಷರ ಗೀಚಿ ನಿಂತ, ಅಮ್ಮನ ಮುಖ ನೋಡಿದ, ಮತ್ತೆ ಗೀಚಿದ. ಕೊಟ್ಟಾಗ ಅಮ್ಮ ಚೂರನ್ನು ಬೋಗುಣಿಗೆ ಹಾಕದೆ ಹೆಬ್ಬೆರಳಿನಿಂದ ಅದನ್ನೇ ಸವರುತ್ತ ಕೂತಳು. ಅದನ್ನು ನೋಡಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಕೊನೆಗೆ ಹಾಕಿದಳು.

ಮಗಳು ಬೋಗುಣಿ ಮಗುಚಿ ಒಂದೊಂದೇ ಚೂರು ಓದಿದಳು. ಅಪ್ಪ. ಅಪ್ಪ. ಅತ್ತೆ, ಅಂದರೆ ನಾನು, ಅದು ತಮ್ಮನ ಚೂರು. ಮತ್ತೆ ಅಪ್ಪ. ನಾವು ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಬ್ಬಳಿಗೂ ಇನ್ನೊಬ್ಬಳು ಅದನ್ನೇ ಬರೆದದ್ದು ಗೊತ್ತಿರಲಿಲ್ಲ. ಐದನೆಯದು ಅಮ್ಮನದು. ಬರೆದವನು ಅವನೇ. ಬೇರೆ ಯಾರ ಹೆಸರು ಗೀಚಿದ್ದರೂ ನಾಲ್ಕು ತುಂಬುತ್ತಿರಲಿಲ್ಲ, ಅವನು ಉಳಿಯುತ್ತಿದ್ದ. ಓದಿ ಹೇಳುವ ಮೊದಲೇ ಮಗಳ ಕಣ್ಣು ತುಂಬಿದ್ದರಿಂದ ನಮಗೆ ತಿಳಿಯಿತು. ಅವನು ತನ್ನ ಹೆಸರನ್ನೇ ಬರೆದಿದ್ದ.

"ಸರಿ, ಅಂಗಡಿ ಮೇಲಿನ ಕೋಣೆಗೆ ಹೋಗ್ತೀನಿ" ಅಂದ.

"ಹೊಸ್ತಿಲು ದಾಟಂಗಿಲ್ಲ ಅಪ್ಪ. ಅಲ್ಲಿದ್ರೂ ಅಜ್ಜಿಗೆ ಹನಿ ಹಾಕೋಕೆ ಬರಂಗಿಲ್ಲ" ಅಂದಳು ಮಗಳು. "ಹತ್ತು ದಿನ ಅಲ್ಲೇನು ಗೋಡೆ ನೋಡ್ತಾ ಕೂತ್ಕೋತೀರಾ?"

ಹೆಂಡತಿ ಒಳಗೆ ಹೋಗಿ ಫೋನು ತಂದಳು. ಸಂಪಾದಕರ ನಂಬರು ಒತ್ತಿ ಅವನ ಕಿವಿಗಿಟ್ಟಳು. "ಹೇಳ್ರೀ" ಅಂದಳು. ಅವನು ಅಮ್ಮನ ಕಡೆ ನೋಡುತ್ತಲೇ "ಬರ್ತೀನಿ" ಅಂದ.

ಟಿಕೆಟ್ಟು, ಕಾಗದಪತ್ರದ ಓಡಾಟವನ್ನೆಲ್ಲ ಮಗಳು ಮಾಡಿದಳು. ಗಡೀಪಾರಿನ ಎಣಿಕೆ ಹೊರಡುವ ದಿನದಿಂದ ಎಂದು ಒಪ್ಪಿಕೊಂಡೆವು, ಅಲ್ಲಿಯವರೆಗೂ ಅವನೇ ಅಮ್ಮನಿಗೆ ಹನಿ ಹಾಕಿದ. ಇಬ್ಬರೂ ಆ ಭಾನುವಾರದ ಮಾತೆತ್ತಲಿಲ್ಲ. ಅಮ್ಮ ನಮ್ಮಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೇಳಲು ಧೈರ್ಯವಿಲ್ಲದೆ ನಾನು ಮಾತ್ರ ಒಳಗೇ ಬೆಂದುಹೋದೆ. ಅಮ್ಮನಿಗೆ ಗುರುತೇ ಸಿಗುತ್ತಿಲ್ಲ, ಇವನು ಹೇಗೆ ಹೊರಟ ಎಂದು. ಗೇಟಿನ ಹತ್ತಿರ ಅವನ ಚೀಲ ಹಿಡಿದು ಅದನ್ನು ಹೇಳಿಯೂ ಹೇಳಿದೆ.

"ಅಮ್ಮ ಚೆನ್ನಾಗಿದಾಳೆ ಅಕ್ಕ. ಹೆದರ್ಕೋಬೇಡ" ಅಂದ. ಅಷ್ಟೇ. ಕಣ್ಣು ಕೆಂಪಗಿದ್ದವು. ಹೆಂಡತಿ ಮಗಳು ಅವನನ್ನು ಕಳಿಸಿಬರಲು ಜೊತೆಗೆ ಹೋದರು.

ಸಂಜೆಯಾಯಿತು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಬಾಟಲಿ ಹಿಡಿದು ಕುರ್ಚಿಯ ಮುಂದೆ ನಿಂತೆ. ಕೈ ತರತರ ನಡುಗುತ್ತಿತ್ತು. ಈಗ ರೆಪ್ಪೆ ಮುಚ್ಚುತ್ತಾಳೆ, ಯಾರೋ ಅಪರಿಚಿತಳೆಂದು ಕೂಗಾಡುತ್ತಾಳೆ ಅಂದುಕೊಂಡೆ.

"ಅಮ್ಮ... ನಾನು ಯಾರು ಅಂತ ಗೊತ್ತಾಗುತ್ತಾ?"

"ಇನ್ಯಾರು? ಬಾಯಿ ಮಾತ್ರ ಜೋರು, ಕೈ ಪುಕ್ಕಲು" ಅಂದಳು ಅಮ್ಮ. ಮುಖವನ್ನು ತಾನೇ ಮೇಲೆತ್ತಿ, ಕಣ್ಣು ದೊಡ್ಡದಾಗಿ ತೆರೆದಳು. "ಹಾಕು, ನೋಡ್ತಾ ನಿಂತ್ಕೋಬೇಡ."

ನಾನು ಕಿರುಚಿದೆ ಅನ್ನಿಸುತ್ತದೆ. "ಹಾಗಾದ್ರೆ ಅವತ್ತು? ಯಾರಪ್ಪ ನೀನು ಅಂದೆಯಲ್ಲಮ್ಮ, ನಮ್ಮ ಜೀವಾನೇ ಬಾಯಿಗೆ ಬಂದಿತ್ತು!"

"ಕಣ್ಣು ಹೋಗಿದೆ, ಕಿವಿ ಹೋಗಿದ್ಯಾ? ಹೆತ್ತ ಮಗನ ಉಸಿರು ಗೊತ್ತಾಗಲ್ವಾ ನಂಗೆ?" ಅಂದಳು. "ಹೆಂಡ್ತಿ ಹೇಳಿದ್ಲು, ಕೇಳಲಿಲ್ಲ. ಮಗಳು ಹೇಳಿದ್ಲು, ಕೇಳಲಿಲ್ಲ. ನಾನು ಹೋಗು ಅಂದಿದ್ರೂ ಹೋಗ್ತಿರಲಿಲ್ಲ, ನನ್ನ ಕಾಲು ಹಿಡ್ಕೊಂಡು ಕೂತಿರ್ತಿದ್ದ. ಪ್ರತಿವರ್ಷ ಅದೇ ಕಥೆ ಹೇಳಿ ನನ್ನ ತಲೆ ತಿಂದಿದಾನೆ. ಆ ಕಥೆ ಮಾತನ್ನ ಮಾತ್ರ ಅವನು ಮೀರಲ್ಲ."

"ಅವನು ಮೋಸ ಮಾಡಿ ನನ್ನ ಹೆಸರು ಗೀಚಿದ್ದಿದ್ರೆ?"

"ಗೀಚಲ್ಲ ಅಂತ ಗೊತ್ತಿತ್ತು." ಹೆಬ್ಬೆರಳು ಎತ್ತಿ ತೋರಿಸಿ, "ಆದ್ರೂ ಬೆರಳಲ್ಲಿ ಸವರಿ ಓದ್ದೆ" ಅಂದಳು.

ನಾನು ಬಲಗಣ್ಣಿಗೆ ಒಂದು ಹನಿ ಹಾಕಿದೆ. ರೆಪ್ಪೆ ಅಲುಗಲಿಲ್ಲ. ಇಷ್ಟು ವರ್ಷ ನಮ್ಮನ್ನೆಲ್ಲ ಅಟ್ಟಿದ ಆ ಕಣ್ಣು ನನ್ನ ಕೈಯ ಕೆಳಗೆ ತೆರೆದೇ ಇತ್ತು.

"ವಿಮಾನ ಹತ್ತಿರ್ತಾನಾ?" ಎಂದು ಕೇಳಿದಳು.

"ಈ ಹೊತ್ತಿಗೆ ಹತ್ತಿರ್ತಾನೆ."

"ಇನ್ನು ಇಳಿದು ವಾಪಸ್ ಬರೋಕೆ ಆಗಲ್ಲ ತಾನೆ?"

"ಆಗಲ್ಲಮ್ಮ."

"ಹಾಗಾದ್ರೆ ಸರಿ, ಇನ್ನೊಂದು ಕಣ್ಣಿಗೂ ಹಾಕು" ಅಂದಳು. ಆದರೆ ಆ ಹನಿ ಹಾಕಲು ನಾನು ಬಹಳ ಹೊತ್ತು ಕಾಯಬೇಕಾಯಿತು. ಅಮ್ಮ ಅಳುತ್ತಿದ್ದಳು.